ಎಮ್ಮೆಲ್ಲೆ ಆದಮೇಲೂ ಕೋರ್ಟು, ಶೂಟಿಂಗು, ಗುತ್ತಿಗೆ: ಇದಕ್ಕೆಲ್ಲ ಕೇಳೋರು ಯಾರೂ ಇಲ್ವಾ?

ಹೊಳೆಸಾಲಿನವ

ನಮ್ಮ ಶಾಸಕರು ವೃತ್ತಿಯಲ್ಲಿ ವಕೀಲರು. 2023ರಲ್ಲಿ ಗೆದ್ದರು. ಖುಷಿಯಿಂದಲೇ ಓಟು ಹಾಕಿದ್ದೆ. ಆದರೆ ಮನುಷ್ಯ ಇವತ್ತಿಗೂ ಪ್ರಾಕ್ಟೀಸ್ ಬಿಟ್ಟಿಲ್ಲ. ಭೂಸ್ವಾಧೀನದ ಪರಿಹಾರ ಬಾಕಿ ಇದೆ ಅಂತ ನಮ್ಮ ಊರಿನ ಕೆಲವರು ಸೇರಿ ಹೋದರೆ ಪಿಎ "ಸಾಹೇಬ್ರು ಹೈಕೋರ್ಟಲ್ಲಿದ್ದಾರೆ, ಸಂಜೆ ಬನ್ನಿ" ಅಂದ. ಸಂಜೆ ಹೋದ್ರೆ ಅಲ್ಲಿ ಎರಡು ಸಾಲು, ಒಂದು ಕಕ್ಷಿದಾರರದ್ದು, ಇನ್ನೊಂದು ಮತದಾರರದ್ದು. ಯಾವ ಸಾಲು ಮೊದಲು ಒಳಗೆ ಹೋಯ್ತು ಅಂತ ನೀವೇ ಊಹಿಸಿಕೊಳ್ಳಿ.

ನಮ್ಮಣ್ಣ ಸರ್ಕಾರಿ ನೌಕರ. ಸಂಜೆ ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳಿ ಕಾಸು ತಗೊಂಡ್ರೂ ನಡತೆ ನಿಯಮ ಅಡ್ಡ ಬರುತ್ತೆ. ಅನುಮತಿ ಇಲ್ಲದೆ ಮಾಡಿದ್ರೆ ಇಲಾಖಾ ವಿಚಾರಣೆ. ಅದೇ ಖಜಾನೆಯಿಂದ ಸಂಬಳ ತಗೊಳ್ಳೋ ಶಾಸಕರಿಗೆ, ಸಂಸದರಿಗೆ ಈ ನಿಯಮ ಯಾಕಿಲ್ಲ? ಕಾನೂನು ಗೊತ್ತಿರೋರು ಸ್ವಲ್ಪ ಹೇಳಿ. ಬೈಯೋದಕ್ಕಲ್ಲ ಕೇಳ್ತಿರೋದು, ನಿಜವಾಗಲೂ ತಿಳ್ಕೋಬೇಕು.

ಸುಮ್ನೆ ಓದೋನು

ಮೊದಲನೇ ಕೆಲಸಾನೇ ಮಾಡಲ್ಲ, ನಿಮಗೆ ಎರಡನೇದರ ಚಿಂತೆ.

ಕರಿಕೋಟು

ವಕೀಲಿಕೆ ಮಟ್ಟಿಗೆ ಹೇಳೋದಾದ್ರೆ ಇದು ಇತ್ಯರ್ಥ ಆಗಿರೋ ವಿಚಾರ. 2018ರ ಸೆಪ್ಟೆಂಬರ್ 25ರಂದು ಸುಪ್ರೀಂ ಕೋರ್ಟ್ ಅಶ್ವಿನಿ ಕುಮಾರ್ ಉಪಾಧ್ಯಾಯ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಶಾಸಕರು, ಸಂಸದರು ವಕೀಲಿಕೆ ಮಾಡಬಾರದು ಅಂತ ಆದೇಶ ಕೊಡಿ ಅನ್ನೋದು ಅರ್ಜಿ. ಬಾರ್ ಕೌನ್ಸಿಲ್ ನಿಯಮ 49ರ ಪ್ರಕಾರ ಪೂರ್ಣಾವಧಿ ಸಂಬಳದ ನೌಕರ ವಕೀಲಿಕೆ ಮಾಡಂಗಿಲ್ಲ. ಆದರೆ ಶಾಸಕ ಯಾರ ನೌಕರ? ಸರ್ಕಾರ ಅವರನ್ನ ನೇಮಿಸಿಲ್ಲ, ಕೆಲಸದಿಂದ ತೆಗೆಯೋಕೂ ಆಗಲ್ಲ. ಭ್ರಷ್ಟಾಚಾರ ತಡೆ ಕಾಯ್ದೆ ಲೆಕ್ಕದಲ್ಲಿ ಸಾರ್ವಜನಿಕ ಸೇವಕ ಆದ ಮಾತ್ರಕ್ಕೆ, ಖಜಾನೆಯಿಂದ ಸಂಬಳ ಬಂದ ಮಾತ್ರಕ್ಕೆ ಮಾಲೀಕ-ನೌಕರ ಸಂಬಂಧ ಹುಟ್ಟಲ್ಲ ಅಂತ ಕೋರ್ಟ್ ಹೇಳಿ ಅರ್ಜಿ ವಜಾ ಮಾಡ್ತು.

ನಿಮ್ಮಣ್ಣನಿಗೂ ಶಾಸಕರಿಗೂ ವ್ಯತ್ಯಾಸ ಇರೋದು ಇಲ್ಲೇ. ಒಬ್ಬರಿಗೆ ಮೇಲಧಿಕಾರಿ ಇದ್ದಾರೆ, ಇನ್ನೊಬ್ಬರಿಗೆ ಇಲ್ಲ.

ಧಾರವಾಡದ ಪ್ಯಾಟಿ

ಮೇಲಧಿಕಾರಿ ಇಲ್ಲ ಅಂದ್ರ ನಾವ್ ಯಾರ್ರೀ ಮತ್ತ? ಐದು ವರ್ಷಕ್ಕೊಮ್ಮೆ ಕೈ ಮುಗಿದು ಬರ್ತಾರಲ್ಲ, ಅವಾಗ "ನೀವೇ ನಮ್ಮ ಮಾಲೀಕರು" ಅಂತಾರ.

ಹೊಳೆಸಾಲಿನವ

@ಕರಿಕೋಟು ಅರ್ಥ ಆಯ್ತು. ಆದರೆ ಕಾನೂನು ಬೇಡ ಅಂದಿಲ್ಲ ಅಂದ್ರೆ ಸರಿ ಅಂತಲಾ? ಒಬ್ಬ ಡಾಕ್ಟರ್ ವಕೀಲನೂ ಆಗಬಹುದಾ ಹಾಗಾದ್ರೆ?

ಕರಿಕೋಟು

ಆಗಂಗಿಲ್ಲ. 1996ರಲ್ಲೇ ಡಾ. ಹನಿರಾಜ್ ಚುಲಾನಿ ಪ್ರಕರಣದಲ್ಲಿ ತೀರ್ಮಾನ ಆಗಿದೆ. ವೈದ್ಯಕೀಯ ವೃತ್ತಿ ನಡೆಸ್ತಾ ಜೊತೆಗೆ ವಕೀಲರಾಗಿ ನೋಂದಾಯಿಸಿಕೊಳ್ಳೋಕೆ ಮಹಾರಾಷ್ಟ್ರ ಬಾರ್ ಕೌನ್ಸಿಲ್ ಬಿಡಲಿಲ್ಲ. ವಕೀಲಿಕೆ ಪೂರ್ಣ ಸಮಯ, ಪೂರ್ಣ ಗಮನ ಕೇಳೋ ಕೆಲಸ ಅಂತ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡೀತು.

ಧಾರವಾಡದ ಪ್ಯಾಟಿ

ಅಂದ್ರ ಕಾಯಿಲೆ ನೋಡ್ಕೋತ ವಕೀಲಿಕಿ ಮಾಡಾಕ ಪುರುಸೊತ್ತು ಸಿಗಂಗಿಲ್ಲ, ಎರಡೂವರಿ ಲಕ್ಷ ಮಂದಿ ಕ್ಷೇತ್ರ ನೋಡ್ಕೋತ ಮಾಡಾಕ ಸಿಗತೈತಿ. ಎಮ್ಮೆಲ್ಲೆ ಕೆಲಸ ಎಷ್ಟು ಹಗುರ ಅಂತ ಸುಪ್ರೀಂ ಕೋರ್ಟಿಗೂ ಗೊತ್ತಾತ ನೋಡ್ರಿ.

ಘಟ್ಟದ ಕೆಳಗೆ

ಎಲ್ಲರೂ ಒಂದೇ ಕಡೆ ವಾಲ್ತಾ ಇದ್ದೀರಿ ಮಾರಾಯ್ರೆ. ನಾನು ಉಲ್ಟಾ ಹೇಳ್ತೇನೆ. ರಾಜಕಾರಣಿಗೆ ಬೇರೆ ಉದ್ಯೋಗ ಇರ್ಲೇಬೇಕು. ರಾಜಕೀಯ ಬಿಟ್ರೆ ಬೇರೆ ಕಸುಬೇ ಗೊತ್ತಿಲ್ಲದವ ಏನು ಮಾಡ್ತಾನೆ? ಟಿಕೆಟ್ ತಪ್ಪಿದ್ರೆ ಮನೆ ನಡೆಸುವುದು ಹೇಗೆ ಅಂತ ಹೈಕಮಾಂಡ್ ಮುಂದೆ ಬಾಯಿ ಮುಚ್ಚಿ ಕೂರ್ತಾನೆ. ಸೋತ್ರೆ ಅಲ್ಲಿಗೆ ಮುಗೀತು, ಹಾಗಾಗಿ ಗೆದ್ದಾಗಲೇ ಮೂರು ತಲೆಮಾರಿಗೆ ಮಾಡಿ ಇಡುವ ಅಂದಾಜು. ಕೈಯಲ್ಲಿ ವೃತ್ತಿ ಇರುವವ "ಬೇಡವಾದ್ರೆ ಬಿಡಿ, ನಾಳೆ ನನ್ನ ಕ್ಲಿನಿಕ್ಕಿಗೆ ಹೋಗ್ತೇನೆ" ಅನ್ನಬಹುದು.

ಮತ್ತೆ ಅಧಿವೇಶನ ನಡೆಯುವುದಾದ್ರೂ ಎಷ್ಟು ದಿನ? ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕು ಅಂತ ಕರ್ನಾಟಕದಲ್ಲೇ 2005ರ ಕಾಯ್ದೆ ಉಂಟು. ಅದು ಪಾಲನೆ ಆದ ವರ್ಷ ಹುಡುಕಬೇಕು. ಉಳಿದ ದಿನ ಅವರು ಏನು ಮಾಡಬೇಕು ನಿಮ್ಮ ಪ್ರಕಾರ? ಗೃಹಪ್ರವೇಶ, ನಾಮಕರಣ, ಬೀಗರೂಟ ಸುತ್ತಬೇಕಾ?

ಹೊಳೆಸಾಲಿನವ

ಸದನ ಇಲ್ಲದ ದಿನವೇ ಕ್ಷೇತ್ರದ ಕೆಲಸ ಅಲ್ವಾ ಸ್ವಾಮಿ? ಕೆಡಿಪಿ (ಅಭಿವೃದ್ಧಿ ಕೆಲಸಗಳ ಪರಿಶೀಲನೆ) ಸಭೆ, ಬಗರ್ ಹುಕುಂ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ) ಸಮಿತಿ, ಆಶ್ರಯ ಸಮಿತಿ, ಆಸ್ಪತ್ರೆ, ಶಾಲೆ ಇದೆಲ್ಲ ಯಾರು ನೋಡ್ತಾರೆ? ನಮ್ಮ ತಾಲ್ಲೂಕಲ್ಲಿ ಬಗರ್ ಹುಕುಂ ಅರ್ಜಿಗಳು ಹಾಗೇ ಕೂತಿವೆ, ಸಮಿತಿ ಅಧ್ಯಕ್ಷರು ಶಾಸಕರೇ, ಸಭೆ ಕರೆಯೋಕೆ ಅವರಿಗೆ ದಿನ ಸಿಕ್ತಿಲ್ಲ.

ನೀಲಿ ಛತ್ರಿ

ಗೃಹಪ್ರವೇಶಕ್ಕೆ ಹೋಗಲಿಲ್ಲ ಅಂದ್ರೆ ಮುಂದಿನ ಸಲ ಸೋಲಿಸೋರೂ ನಾವೇ.

ಲೆಕ್ಕದ ಪುಟ

ಸಂಬಳದ ಮಾತು ಬಂದಿದ್ದಕ್ಕೆ ಅಂಕಿ ಹಾಕ್ತೀನಿ. 2025ರ ಮಾರ್ಚಲ್ಲಿ ನಮ್ಮ ವಿಧಾನಮಂಡಲ ತನ್ನ ಸಂಬಳ ತಾನೇ ಡಬಲ್ ಮಾಡ್ಕೊಳ್ತು. ಶಾಸಕರ ಮೂಲ ವೇತನ 40,000ದಿಂದ 80,000, ಮುಖ್ಯಮಂತ್ರಿಗೆ 75,000ದಿಂದ 1.5 ಲಕ್ಷ. ಗಲಾಟೆ ಮಧ್ಯೆ, ಚರ್ಚೆ ಇಲ್ಲದೆ ಪಾಸು. ಅದೇ ತಿಂಗಳು ಸಂಸದರದ್ದೂ 1 ಲಕ್ಷದಿಂದ 1.24 ಲಕ್ಷಕ್ಕೆ ಏರಿತು, ಅದೂ 2023ರ ಏಪ್ರಿಲ್‌ನಿಂದ ಪೂರ್ವಾನ್ವಯ. ಕ್ಷೇತ್ರ ಭತ್ಯೆ, ಪ್ರಯಾಣ ಭತ್ಯೆ, ಫೋನು, ಪಿಎ ಖರ್ಚು ಬೇರೆ. ಆಮೇಲೆ ಪಿಂಚಣಿ.

ಸಂಬಳ ಸಾಲಲ್ಲ, ಅದಕ್ಕೇ ಬೇರೆ ಕೆಲಸ ಅನ್ನೋ ವಾದ ಇಲ್ಲಿ ಯಾರೂ ತರಬೇಡಿ ದಯವಿಟ್ಟು.

ಘಟ್ಟದ ಕೆಳಗೆ

80 ಸಾವಿರಕ್ಕೆ ಒಳ್ಳೆ ಹೃದ್ರೋಗ ತಜ್ಞ ಬರ್ತಾರಾ ರಾಜಕೀಯಕ್ಕೆ? ವೃತ್ತಿ ಬಿಟ್ಟು ಬನ್ನಿ ಅಂದ್ರೆ ಬರುವವರು ಎರಡೇ ಥರ, ಆಸ್ತಿ ಇರುವವರು, ಇಲ್ಲ ಆಸ್ತಿ ಮಾಡಬೇಕಾದವರು.

ಪಂಚಾಯ್ತಿ ಮೆಂಬರ್

ಎಲ್ಲರೂ ಎಮ್ಮೆಲ್ಲೆ ಎಂಪಿ ಅಂತಲೇ ಮಾತಾಡ್ತಿದ್ದೀರಿ. ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನಾನೂ ಚುನಾಯಿತ ಪ್ರತಿನಿಧಿನೇ. ನಮಗೆ ಬರೋದು ತಿಂಗಳಿಗೆ ಒಂದೆರಡು ಸಾವಿರ ಗೌರವಧನ, ಅದೂ ಬಂದಾಗ ಬಂತು. ನಾನು ಹೊಲಿಗೆ ಮಾಡ್ತೀನಿ. ಎರಡನೇ ಕೆಲಸ ಬೇಡ ಅಂತ ಕಾನೂನು ಬಂದ್ರೆ ದೇಶದ ಪಂಚಾಯಿತಿಗಳೆಲ್ಲ ಖಾಲಿ.

ನಮ್ಮ ಕಚೇರಿ ಅಂದ್ರೆ ನನ್ನ ಹೊಲಿಗೆ ಮಿಷಿನ್ನೇ. ಬ್ಲೌಸಿನ ಅಳತೆ ಕೊಡೋಕೆ ಬಂದ ಹೆಂಗಸು ತೋಳು ಚಾಚಿಕೊಂಡೇ "ನಮ್ಮ ಬೀದಿ ನಲ್ಲಿ ಬಂದಿಲ್ಲ ಕಣಕ್ಕ" ಅಂತಾಳೆ. ಅಳತೆ ಬರೆಯೋ ಪುಸ್ತಕದ ಹಿಂದಿನ ಪುಟದಲ್ಲಿ ನಾನು ಅದನ್ನೂ ಬರ್ಕೊಳ್ತೀನಿ. ಮುಂದಿನ ಪುಟದಲ್ಲಿ ಎದೆ ಸುತ್ತಳತೆ, ಹಿಂದಿನ ಪುಟದಲ್ಲಿ ಬೀದಿದೀಪ, ನರೇಗಾ ಬಿಲ್ಲು, ಇ-ಸ್ವತ್ತು. ಸಾಮಾನ್ಯ ಸಭೆ ಇದ್ದ ದಿನ ಅಂಗಡಿ ಬಾಗಿಲು ಹಾಕಬೇಕು, ಆ ದಿನದ ದುಡಿಮೆ ಹೋಯ್ತು. ಮದುವೆ ಸೀಸನ್ನಲ್ಲಿ ಸಭೆ ಇಟ್ಟರೆ ಪಿಡಿಒಗೆ ಶಾಪ ಹಾಕ್ತೀನಿ.

ನಮ್ಮ ಪಂಚಾಯಿತಿಯಲ್ಲೇ ನರೇಗಾ ಕೂಲಿಗೆ ಹೋಗೋ ಸದಸ್ಯರಿದ್ದಾರೆ. ಆಟೋ ಓಡಿಸೋರಿದ್ದಾರೆ. ನಮ್ಮನ್ನ ಯಾರೂ "ಎರಡನೇ ಕೆಲಸ" ಅಂತ ಕೇಳಲ್ಲ, ಮೆಂಬರ್ ಆಗಿರೋದೇ ನಮಗೆ ಎರಡನೇದು.

ಸುಮ್ನೆ ಓದೋನು

ಅಕ್ಕಾ, ಸಭೆಗೆ ನೀವೇ ಹೋಗ್ತೀರಾ ಇಲ್ಲ "ಮೆಂಬರ್ ಗಂಡ" ಹೋಗ್ತಾರಾ?

ಪಂಚಾಯ್ತಿ ಮೆಂಬರ್

ನಾನೇ ಹೋಗ್ತೀನಿ. ಗಂಡ ಬರೋದು ಗಾಡಿಯಲ್ಲಿ ಬಿಡೋಕೆ. ಇದೇ ಪ್ರಶ್ನೆ ಗಂಡಸು ಸದಸ್ಯರಿಗೂ ಕೇಳಿ ಒಂದ್ಸಲ, ಅವರ ಹೆಂಡತಿ ಎಲ್ಲಿ ಅಂತ.

ನೀಲಿ ಛತ್ರಿ

ತಗೋ ಗುರು, ಬೇಕಿತ್ತಾ ನಿಂಗೆ.

ಪರದೆ ಹಿಂದೆ

ವಕೀಲರು ಹಾಗಿರಲಿ, ಸಿನಿಮಾದವರ ಕತೆ ಏನು? ಅಂಬರೀಶ್ ಸಚಿವರಾಗಿದ್ದಾಗಲೂ ಬಣ್ಣ ಹಚ್ಚಿದ್ದರು. ಜಗ್ಗೇಶ್ ರಾಜ್ಯಸಭೆಯಲ್ಲಿದ್ದೇ ಸಿನಿಮಾ ಮಾಡ್ತಾರೆ, ಟಿವಿ ಶೋದಲ್ಲಿ ತೀರ್ಪುಗಾರರಾಗಿ ಕೂರ್ತಾರೆ. ಆದರೆ ಅವರು ನಾಮನಿರ್ದೇಶಿತರು, ಅವರನ್ನ ಬಿಡಿ. ಪಕ್ಕದ ಆಂಧ್ರದಲ್ಲಿ ಪವನ್ ಕಲ್ಯಾಣ್ ಉಪಮುಖ್ಯಮಂತ್ರಿ, ಅವರ ಸಿನಿಮಾಗಳು 2025ರಲ್ಲಿ ಬಿಡುಗಡೆ ಆದವು. ಟಿಕೆಟ್ ದರ ಏರಿಸೋಕೆ ಅನುಮತಿ ಕೊಡೋದು ಅದೇ ರಾಜ್ಯ ಸರ್ಕಾರ. ಯಾರಿಗೂ ಏನೂ ಅನ್ನಿಸಲ್ವಾ?

ಲೆಕ್ಕದ ಪುಟ

ಜಗ್ಗೇಶ್ ನಾಮನಿರ್ದೇಶಿತರಲ್ಲ. 2022ರಲ್ಲಿ ನಮ್ಮ ವಿಧಾನಸಭೆ ಸದಸ್ಯರು ಓಟು ಹಾಕಿ ಆರಿಸಿ ಕಳಿಸಿದ್ದು. ಕ್ರಿಕೆಟಿಗ ಸಚಿನ್ ನಾಮನಿರ್ದೇಶಿತ, 2012ರಲ್ಲಿ.

ಪರದೆ ಹಿಂದೆ

ಸರಿ, ಹಾಗಿದ್ರೆ ನನ್ನ ವಾದಕ್ಕೆ ಇನ್ನೂ ಬಲ ಬಂತು.

ಬೌಂಡರಿ ಲೈನ್

ಕ್ರಿಕೆಟ್ ಬಂತಲ್ಲ, ನಾನೂ ಬಂದೆ. ಗೌತಮ್ ಗಂಭೀರ್ ಪೂರ್ವ ದೆಹಲಿ ಸಂಸದರಾಗಿದ್ದಾಗ ಕಾಮೆಂಟರಿ, ಐಪಿಎಲ್ ತಂಡಕ್ಕೆ ಮೆಂಟರ್, ಎಲ್ಲ ಮಾಡಿದ್ರು. ಪ್ರಶ್ನೆ ಎದ್ದಾಗ 2022ರಲ್ಲಿ ಅವರು ಕೊಟ್ಟ ಉತ್ತರ: ಸಾವಿರಾರು ಬಡವರಿಗೆ ಊಟ ಹಾಕೋ ಅಡುಗೆಮನೆಗೆ ದುಡ್ಡು ಬೇಕು, ಅದು ಮರದಲ್ಲಿ ಬೆಳೆಯಲ್ಲ. ಕೊನೆಗೆ 2024ರ ಮಾರ್ಚಲ್ಲಿ ಕ್ರಿಕೆಟ್ ಕಡೆ ಗಮನ ಕೊಡಬೇಕು, ರಾಜಕೀಯದ ಹೊಣೆ ಇಳಿಸಿ ಅಂತ ಪಕ್ಷಕ್ಕೆ ಕೇಳ್ಕೊಂಡ್ರು. ನನಗೆ ಅದು ನೇರವಂತಿಕೆ ಅನ್ನಿಸ್ತು. ಎರಡೂ ಆಗಲ್ಲ ಅಂತ ಅನ್ನಿಸಿದಾಗ ಒಂದನ್ನ ಬಿಟ್ಟರು.

ಸಿಧು ವಿಚಾರದಲ್ಲಿ ಇನ್ನೂ ಮಜಾ. 2017ರಲ್ಲಿ ಪಂಜಾಬ್ ಸಚಿವರಾದ ಮೇಲೂ ಕಾಮಿಡಿ ಶೋದಲ್ಲಿ ಕೂತು ನಗ್ತೀನಿ ಅಂದ್ರು. ಮುಖ್ಯಮಂತ್ರಿ ಅಡ್ವೊಕೇಟ್ ಜನರಲ್ ಅಭಿಪ್ರಾಯ ಕೇಳಿದ್ರು. ಕಾನೂನಿನ ಅಡ್ಡಿ ಇಲ್ಲ ಅಂತ ಉತ್ತರ ಬಂತು.

ಧಾರವಾಡದ ಪ್ಯಾಟಿ

ನಗಾಕ ರೊಕ್ಕ ತಗೊಂಡವ ಅವರೊಬ್ಬರ ನೋಡ್ರಿ, ಉಳಿದವ್ರು ನಮ್ಮನ್ನ ನೋಡಿ ಪುಕ್ಕಟೆ ನಗತಾರ.

ಬೌಂಡರಿ ಲೈನ್

ಆಫ್ ಟಾಪಿಕ್ ಆದ್ರೂ ಹೇಳಿಬಿಡ್ತೀನಿ. ಶರದ್ ಪವಾರ್ ಕೇಂದ್ರ ಕೃಷಿ ಸಚಿವರಾಗಿದ್ದಾಗಲೇ ಬಿಸಿಸಿಐ ಅಧ್ಯಕ್ಷ, ಆಮೇಲೆ ಐಸಿಸಿ ಅಧ್ಯಕ್ಷ. ಬಿಸಿಸಿಐ ಸುಧಾರಣೆಗೆ ಅಂತ ಇದ್ದ ಲೋಧಾ ಸಮಿತಿ ಶಿಫಾರಸನ್ನ 2016ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಮೇಲೆ ಸಚಿವರು ಬಿಸಿಸಿಐ ಪದಾಧಿಕಾರಿ ಆಗಂಗಿಲ್ಲ ಅನ್ನೋ ನಿಯಮ ಬಂತು. ಕ್ರಿಕೆಟ್ ಮಂಡಳಿಗೆ ಇರೋ ಎಚ್ಚರ ವಿಧಾನಸಭೆಗಿಲ್ಲ.

ರಾಯಚೂರ ಬಿಸಲು

ಏ ಎಲ್ಲಾರೂ ಸುಮ್ಮ ಇದ್ರೀ, "ಲಾಭದಾಯಕ ಹುದ್ದೆ" ಅಂತ ಸಂವಿಧಾನದಾಗ ಐತಲ್ಲ? ಅದರ ಮ್ಯಾಲ ಕೇಸ್ ಹಾಕಿ ಸೀಟು ಕಳೀಬೋದು. ವಕೀಲ ಶಾಸಕಗೂ ಹಾಕ್ರಿ.

ಕರಿಕೋಟು

ಆಗಲ್ಲ. 102 ಮತ್ತು 191ನೇ ವಿಧಿ ಹೇಳೋದು ಸರ್ಕಾರದ ಅಡಿಯಲ್ಲಿರೋ ಲಾಭದಾಯಕ ಹುದ್ದೆ ಬಗ್ಗೆ ಮಾತ್ರ. ಖಾಸಗಿ ವೃತ್ತಿ, ಖಾಸಗಿ ಕಂಪನಿ ಅದರೊಳಗೆ ಬರಲ್ಲ. ಆ ವಿಧಿ ಇರೋದು ಶಾಸಕ ಸರ್ಕಾರದ ಹಂಗಿಗೆ ಬೀಳಬಾರದು ಅಂತ.

ಇದರ ವೈಚಿತ್ರ್ಯ ನೋಡಿ. ಜಾರ್ಖಂಡ್ ಪ್ರದೇಶ ಸ್ವಾಯತ್ತ ಮಂಡಳಿಯ ಅಧ್ಯಕ್ಷರಾಗಿ ಶಿಬು ಸೊರೇನ್‌ಗೆ ತಿಂಗಳಿಗೆ 1,750 ರೂಪಾಯಿ ಗೌರವಧನ ಇತ್ತು. ಅದಕ್ಕೆ ರಾಜ್ಯಸಭೆ ಆಯ್ಕೆನೇ ಅಸಿಂಧು, 2001ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡೀತು. 2006ರಲ್ಲಿ ಜಯಾ ಬಚ್ಚನ್ ಉತ್ತರ ಪ್ರದೇಶ ಚಲನಚಿತ್ರ ಅಭಿವೃದ್ಧಿ ಮಂಡಳಿ ಅಧ್ಯಕ್ಷರಾಗಿದ್ದಕ್ಕೆ ರಾಜ್ಯಸಭೆ ಸದಸ್ಯತ್ವ ಕಳಕೊಂಡರು. ದುಡ್ಡು ತಗೊಂಡೇ ಇಲ್ಲ ಅಂದ್ರು. ತಗೊಂಡ್ರಾ ಇಲ್ವಾ ಮುಖ್ಯ ಅಲ್ಲ, ತಗೊಳ್ಳೋ ಅವಕಾಶ ಆ ಹುದ್ದೆಗಿತ್ತಾ ಅನ್ನೋದು ಮುಖ್ಯ ಅಂತ ಕೋರ್ಟು. ಅದೇ ವರ್ಷ ಸೋನಿಯಾ ಗಾಂಧಿ ರಾಷ್ಟ್ರೀಯ ಸಲಹಾ ಮಂಡಳಿ ಅಧ್ಯಕ್ಷತೆಯ ಇಂಥದೇ ವಿವಾದದಲ್ಲಿ ಲೋಕಸಭೆಗೆ ರಾಜೀನಾಮೆ ಕೊಟ್ಟು ರಾಯ್‌ಬರೇಲಿಯಿಂದ ಮತ್ತೆ ಗೆದ್ದು ಬಂದರು. ಆಮೇಲೆ ಸಂಸತ್ತು ಒಂದಷ್ಟು ಹುದ್ದೆಗಳಿಗೆ ವಿನಾಯಿತಿ ಕೊಡೋ ಮಸೂದೆ ಮಾಡ್ತು. ರಾಷ್ಟ್ರಪತಿ ಕಲಾಂ ವಾಪಸ್ ಕಳಿಸಿದ್ರು, ಸಂಸತ್ತು ಮತ್ತೆ ಹಾಗೇ ಪಾಸು ಮಾಡ್ತು.

ಅಂದ್ರೆ ಸರ್ಕಾರದಿಂದ 1,750 ಬಂದ್ರೆ ಸೀಟು ಹೋಗುತ್ತೆ, ಖಾಸಗಿ ಕಕ್ಷಿದಾರನಿಂದ ಒಂದು ದಿನಕ್ಕೆ ಲಕ್ಷಗಟ್ಟಲೆ ಬಂದ್ರೆ ಏನೂ ಆಗಲ್ಲ.

ರಾಯಚೂರ ಬಿಸಲು

ಮತ್ತ ನಮ್ಮ ನಿಗಮ ಮಂಡಳಿ ಅಧ್ಯಕ್ಷರು? 2024ರ ಜನವರ್ಯಾಗ ಮೂವತ್ತಕ್ಕೂ ಹೆಚ್ಚು ಶಾಸಕರಿಗೆ ಒಂದೊಂದು ನಿಗಮ ಕೊಟ್ರಲ್ಲ, ಸಂಪುಟ ದರ್ಜೆ ಸಮೇತ. ಅವರ್ದು ಯಾಕ ಹೋಗಲಿಲ್ಲ ಸೀಟು?

ಕರಿಕೋಟು

ರಾಜ್ಯಕ್ಕೂ ಅನರ್ಹತೆ ತಡೆ ಕಾಯ್ದೆ ಇದೆ, 1956ರದ್ದು. ಯಾವ ಹುದ್ದೆಗೆ ವಿನಾಯಿತಿ ಅಂತ ಪಟ್ಟಿ ಮಾಡೋದು ಶಾಸನಸಭೆಯೇ. ಪಟ್ಟಿ ಬೆಳೀತಾ ಹೋಗುತ್ತೆ.

ಲೆಕ್ಕದ ಪುಟ

91ನೇ ತಿದ್ದುಪಡಿ (2003) ಪ್ರಕಾರ ಮಂತ್ರಿಮಂಡಲ ಸದನದ ಶೇ 15 ಮೀರಂಗಿಲ್ಲ. 224ಕ್ಕೆ 34 ಜನ. ಉಳಿದ ಅತೃಪ್ತರಿಗೆ ನಿಗಮ. ದೆಹಲಿಯಲ್ಲಿ ಸಂಸದೀಯ ಕಾರ್ಯದರ್ಶಿ ಮಾಡಿದ್ದು ಲಾಭದಾಯಕ ಹುದ್ದೆ ಅಂತ 20 ಆಪ್ ಶಾಸಕರು 2018ರ ಜನವರಿಯಲ್ಲಿ ಅನರ್ಹರಾಗಿದ್ದರು, ಮಾರ್ಚಲ್ಲಿ ಹೈಕೋರ್ಟ್ ಆ ಆದೇಶ ರದ್ದು ಮಾಡ್ತು.

ನೀಲಿ ಛತ್ರಿ

ಸ್ವಲ್ಪ ನಿಧಾನ ಲೆಕ್ಕದ ಪುಟಾ, ಪರೀಕ್ಷೆಗೆ ಓದ್ತಿರೋ ಹಂಗಿದೆ.

ಜಲ್ಲಿ ಮಿಷಿನ್

ನೀವೆಲ್ಲ ಕಣ್ಣಿಗೆ ಕಾಣೋ ಕೆಲಸದ ಬಗ್ಗೆ ಮಾತಾಡ್ತಿದ್ದೀರಿ. ಕೋರ್ಟಲ್ಲಿ ನಿಂತ ವಕೀಲ ಎಲ್ಲರಿಗೂ ಕಾಣ್ತಾನೆ, ವಕಾಲತ್ತಿನಲ್ಲಿ ಹೆಸರಿರುತ್ತೆ. ಸಿನಿಮಾದವರಂತೂ ಪೋಸ್ಟರಲ್ಲೇ ಇರ್ತಾರೆ. ಕಾಣದೇ ಇರೋದರ ಬಗ್ಗೆ ನಾನು ಹೇಳ್ತೀನಿ.

ನಾನು ಸಣ್ಣ ಗುತ್ತಿಗೆದಾರ, ಕ್ಲಾಸ್-2. ಯಾವ ತಾಲ್ಲೂಕು ಅಂತ ಕೇಳಬೇಡಿ. ಡಾಂಬರು ರಸ್ತೆ ಟೆಂಡರ್ ಬಂತು. ಷರತ್ತುಗಳ ಮಧ್ಯೆ ಒಂದು ಸಾಲು: ಕಾಮಗಾರಿ ಸ್ಥಳದಿಂದ ಇಷ್ಟು ಕಿಲೋಮೀಟರ್ ಒಳಗೆ ಸ್ವಂತ ಹಾಟ್ ಮಿಕ್ಸ್ ಪ್ಲಾಂಟ್ ಇರಬೇಕು, ಇಲ್ಲ ಪ್ಲಾಂಟ್ ಮಾಲೀಕರ ಒಪ್ಪಿಗೆ ಪತ್ರ ಲಗತ್ತಿಸಬೇಕು. ಓದೋಕೆ ಎಷ್ಟು ಸಮಂಜಸ! ಬಿಸಿ ಆರದ ಹಾಗೆ ಮಿಕ್ಸ್ ಬರಬೇಕಲ್ಲ. ಆದರೆ ಆ ದೂರದೊಳಗೆ ಇರೋದು ಒಂದೇ ಪ್ಲಾಂಟು, ಅದು ಶಾಸಕರ ಭಾಮೈದನದ್ದು. ಒಪ್ಪಿಗೆ ಪತ್ರ ಕೇಳೋಕೆ ಹೋದೆ. ಟೀ ಕೊಟ್ಟರು, ಕೂರಿಸಿದರು, ಮಕ್ಕಳ ಓದು ವಿಚಾರಿಸಿದರು. "ಈ ಸಲ ಪ್ಲಾಂಟ್ ಫುಲ್ ಬುಕ್ ಇದೆ, ಮುಂದಿನ ಸಲ ನೋಡೋಣ" ಅಂದ್ರು. ಪತ್ರ ಇಲ್ಲ ಅಂದ್ರೆ ತಾಂತ್ರಿಕ ಬಿಡ್‌ನಲ್ಲೇ ಔಟು, ದರದ ಲಕೋಟೆ ತೆರೆಯೋದೇ ಇಲ್ಲ.

ಶಾಸಕರ ಹೆಸರು ಎಲ್ಲೂ ಇಲ್ಲ. ಅಫಿಡವಿಟ್‌ನಲ್ಲಿ ಅವರ ವೃತ್ತಿ "ಕೃಷಿ".

ಧಾರವಾಡದ ಪ್ಯಾಟಿ

ಅಫಿಡವಿಟ್ಟಿನಾಗ ಎಲ್ಲಾರೂ ಒಕ್ಕಲಿಗ್ಯಾರ ಇರತಾರ್ರೀ. ವಿಧಾನಸೌಧದಾಗ ಇರೋವಷ್ಟು ರೈತರು ನಮ್ಮ ಎಪಿಎಂಸಿಯಾಗ ಕಾಣಸಂಗಿಲ್ಲ. ಕೃಷಿ ಆದಾಯಕ್ಕ ತೆರಿಗಿ ಇಲ್ಲಲ್ಲ, ಅದಕ್ಕ ಮಣ್ಣಿನ ಮ್ಯಾಲ ಅಷ್ಟು ಪ್ರೀತಿ.

ಹೊಳೆಸಾಲಿನವ

@ಜಲ್ಲಿ ಮಿಷಿನ್ ಸರ್ಕಾರಿ ಗುತ್ತಿಗೆ ಇದ್ದರೆ ಅನರ್ಹತೆ ಅಂತ ಎಲ್ಲೋ ಓದಿದ್ದೆನಲ್ಲ?

ಕರಿಕೋಟು

ಪ್ರಜಾಪ್ರತಿನಿಧಿ ಕಾಯ್ದೆ 1951, ಸೆಕ್ಷನ್ 9ಎ. ಸರ್ಕಾರಕ್ಕೆ ಸರಕು ಪೂರೈಸೋ, ಇಲ್ಲ ಸರ್ಕಾರದ ಕಾಮಗಾರಿ ಮಾಡೋ ಗುತ್ತಿಗೆ ತನ್ನ ವ್ಯಾಪಾರದ ಭಾಗವಾಗಿ ಚಾಲ್ತಿಯಲ್ಲಿದ್ದರೆ ಅನರ್ಹ. ಕೇಳೋಕೆ ಗಟ್ಟಿ. ಆದರೆ ಕೋರ್ಟುಗಳು ಇದನ್ನ ಬಿಗಿಯಾಗಿ, ಅಕ್ಷರಶಃ ಓದ್ತಾ ಬಂದಿವೆ. ಗುತ್ತಿಗೆ ಸ್ವಂತ ಹೆಸರಲ್ಲಿರಬೇಕು. ಕಂಪನಿ ಕಾನೂನಿನ ಕಣ್ಣಲ್ಲಿ ಬೇರೆ ವ್ಯಕ್ತಿ, ಭಾಮೈದ ಅಂತೂ ಬೇರೆಯವನೇ.

ಹೇಮಂತ್ ಸೊರೇನ್ ಪ್ರಕರಣ ನೆನಪಿಸಿಕೊಳ್ಳಿ. ಜಾರ್ಖಂಡ್ ಮುಖ್ಯಮಂತ್ರಿಯಾಗಿದ್ದಾಗ ಅವರದೇ ಹೆಸರಲ್ಲಿ ಕಲ್ಲು ಗಣಿ ಗುತ್ತಿಗೆ ಮಂಜೂರಾಗಿತ್ತು, 0.88 ಎಕರೆ. ಗಣಿ ಖಾತೆಯೂ ಅವರದೇ. ವಿವಾದ ಆದಮೇಲೆ ಗುತ್ತಿಗೆ ಒಪ್ಪಿಸಿದರು. 9ಎ ಅಡಿ ಚುನಾವಣಾ ಆಯೋಗ 2022ರ ಆಗಸ್ಟಲ್ಲಿ ರಾಜ್ಯಪಾಲರಿಗೆ ಅಭಿಪ್ರಾಯ ಕಳಿಸ್ತು. ಆ ಲಕೋಟೆಯಲ್ಲಿ ಏನಿತ್ತು ಅಂತ ರಾಜ್ಯಪಾಲರು ಬಹಿರಂಗ ಮಾಡಲೇ ಇಲ್ಲ.

ಜಲ್ಲಿ ಮಿಷಿನ್

ಇಲ್ಲಿ ಬಳ್ಳಾರಿ ಗಣಿ ಕಾಲ ಮರೆತುಬಿಟ್ರಾ? ಗಣಿ ಧಣಿಗಳೇ ಸಂಪುಟದಲ್ಲಿದ್ದರು. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಬರೋತನಕ ಅದನ್ನ "ಅವರ ವ್ಯವಹಾರ, ಅವರಿಷ್ಟ" ಅಂತಲೇ ಅಂತಿದ್ರು.

ಥೇಮ್ಸ್ ದಡದ ಕನ್ನಡಿಗ

ಹೊರಗಿನದೂ ಸ್ವಲ್ಪ ಹೇಳ್ತೀನಿ, ಬೈಬೇಡಿ. ಬ್ರಿಟನ್ನಿನಲ್ಲಿ ಸಂಸದರು ಬೇರೆ ಕೆಲಸ ಮಾಡಬಹುದು, ಆದರೆ ಎಷ್ಟು ಗಂಟೆ, ಎಷ್ಟು ಹಣ ಅಂತ ರಿಜಿಸ್ಟರಿನಲ್ಲಿ ಬರೆಯಬೇಕು. 2021ರಲ್ಲಿ ಓವನ್ ಪ್ಯಾಟರ್ಸನ್ ತಾವು ದುಡ್ಡು ತಗೊಳ್ತಿದ್ದ ಎರಡು ಕಂಪನಿಗಳ ಪರವಾಗಿ ಸರ್ಕಾರಿ ಸಂಸ್ಥೆಗಳ ಹತ್ತಿರ ಲಾಬಿ ಮಾಡಿದ್ದಾರೆ ಅಂತ ಸಾಬೀತಾಯ್ತು. ಸಮಿತಿ 30 ದಿನ ಅಮಾನತಿಗೆ ಶಿಫಾರಸು ಮಾಡ್ತು. ಸರ್ಕಾರ ನಿಯಮವನ್ನೇ ಬದಲಿಸೋಕೆ ಹೋಗಿ ಮುಖಭಂಗ ಆಗಿ ಅವರು ರಾಜೀನಾಮೆ ಕೊಟ್ಟರು, ಉಪಚುನಾವಣೆಯಲ್ಲಿ ಅವರ ಪಕ್ಷ ಆ ಸೀಟನ್ನೇ ಕಳಕೊಳ್ತು. ಅದೇ ಹೊತ್ತಿಗೆ ಜೆಫ್ರಿ ಕಾಕ್ಸ್ ಅನ್ನೋ ವಕೀಲ ಸಂಸದರು ಕೆರಿಬಿಯನ್ ದ್ವೀಪದಲ್ಲಿ ಕೂತು ಕೇಸು ನಡೆಸ್ತಾ, ಪ್ರಾಕ್ಸಿ (ತಮ್ಮ ಬದಲು ಇನ್ನೊಬ್ಬರ) ಮೂಲಕ ಸದನದಲ್ಲಿ ಮತ ಹಾಕಿದ್ದು ಸುದ್ದಿ ಆಯ್ತು. ಅದು ನಿಯಮ ಉಲ್ಲಂಘನೆ ಆಗಿರಲಿಲ್ಲ, ಜನಕ್ಕೆ ಕೋಪ ಬಂದಿದ್ದಂತೂ ನಿಜ.

ಅಮೆರಿಕದಲ್ಲಿ ಗೆರೆ ಇನ್ನೂ ಗಟ್ಟಿ. ಕಾಂಗ್ರೆಸ್ ಸದಸ್ಯರ ಹೊರಗಿನ ದುಡಿಮೆಗೆ ಮಿತಿ ಇದೆ, ಒಂದು ನಿಗದಿತ ಸರ್ಕಾರಿ ವೇತನದ ಶೇ 15. ವಕೀಲಿಕೆ ಥರದ ವೃತ್ತಿಗಳಲ್ಲಿ ಹಣಕ್ಕೆ ಕೆಲಸ ಮಾಡೋ ಹಾಗೇ ಇಲ್ಲ. ಟಾಮ್ ಕೋಬರ್ನ್ ಅನ್ನೋ ಸೆನೆಟರ್ ಹೆರಿಗೆ ವೈದ್ಯರು. ಖರ್ಚಿಗೆ ಆಗೋವಷ್ಟು ಮಾತ್ರ ತಗೊಂಡು ಹೆರಿಗೆ ಮಾಡಿಸ್ತೀನಿ ಅಂದ್ರೂ ಎಥಿಕ್ಸ್ ಸಮಿತಿ ಬೇಡ ಅಂತು.

ಘಟ್ಟದ ಕೆಳಗೆ

ಅದೇ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಪ್ರತಿನಿಧಿ ಸಭೆಗೆ 400 ಸದಸ್ಯರು, ಸಂಬಳ ವರ್ಷಕ್ಕೆ 100 ಡಾಲರ್. ಎಲ್ಲರಿಗೂ ಬೇರೆ ಕೆಲಸ ಉಂಟು, ಇಲ್ಲದಿದ್ದರೆ ನಿವೃತ್ತರು. ಸ್ವಿಟ್ಜರ್ಲೆಂಡಿನಲ್ಲೂ ಸಂಸದಗಿರಿ ಪಾರ್ಟ್ ಟೈಮೇ. ನಿಮಗೆ ಬೇಕಾದ ಅರ್ಧ ಮಾತ್ರ ತರಬೇಡಿ.

ಥೇಮ್ಸ್ ದಡದ ಕನ್ನಡಿಗ

ಒಪ್ಪಿದೆ. ಆದರೆ ಅಲ್ಲಿ ಆ ಕೆಲಸ ಏನು ಅಂತ ಊರಿಗೆಲ್ಲ ಗೊತ್ತಿರುತ್ತೆ.

ಲೆಕ್ಕದ ಪುಟ

ನಮ್ಮಲ್ಲೂ ಅರ್ಧ ಇದೆ. ರಾಜ್ಯಸಭೆಯಲ್ಲಿ 2005ರಿಂದ ಸದಸ್ಯರ ಹಿತಾಸಕ್ತಿ ರಿಜಿಸ್ಟರ್ ಇದೆ. ಸಂಭಾವನೆ ಬರೋ ನಿರ್ದೇಶಕ ಹುದ್ದೆ, ನಿಯಮಿತ ಆದಾಯದ ಚಟುವಟಿಕೆ, ಕಂಪನಿಯ ಹಿಡಿತ ಕೊಡುವಷ್ಟು ಷೇರು, ಹಣ ಪಡೆಯೋ ಸಲಹೆಗಾರಿಕೆ, ವೃತ್ತಿಪರ ಕೆಲಸ, ಈ ಐದು ವಿಷಯ ಬರೆಯಬೇಕು. ಲೋಕಸಭೆಗೆ ಅಂಥ ರಿಜಿಸ್ಟರ್ ಇಲ್ಲ. ಮತದಾನದ ಹೊತ್ತಲ್ಲಿ ಸದಸ್ಯನಿಗೆ ನೇರ ಹಣಕಾಸಿನ ಹಿತಾಸಕ್ತಿ ಇದ್ದರೆ ಆಕ್ಷೇಪ ಎತ್ತೋ ಒಂದು ನಿಯಮ (371) ಇದೆ, ಅಷ್ಟೇ. ಸಚಿವರಿಗೆ ಕೇಂದ್ರ ಗೃಹ ಇಲಾಖೆಯ ನೀತಿಸಂಹಿತೆ ಇದೆ, ಮಾಲೀಕತ್ವ ಇಟ್ಕೊಂಡ್ರೂ ವ್ಯಾಪಾರದ ಆಡಳಿತದಿಂದ ದೂರ ಇರಬೇಕು ಅಂತ. ಆದರೆ ಅದು ಶಾಸನ ಅಲ್ಲ, ಮುರಿದ್ರೆ ಕೋರ್ಟಿಗೆ ಹೋಗೋಕಾಗಲ್ಲ.

ಕರಿಕೋಟು

ಒಳ್ಳೆ ಉದಾಹರಣೆನೂ ಇದೆ. ಅರುಣ್ ಜೇಟ್ಲಿ 2009ರಲ್ಲಿ ರಾಜ್ಯಸಭೆ ವಿರೋಧ ಪಕ್ಷದ ನಾಯಕರಾದಾಗ ವಕೀಲಿಕೆ ನಿಲ್ಲಿಸಿದರು. ಆಗ ಅವರ ಪ್ರಾಕ್ಟೀಸ್ ಎಷ್ಟು ದೊಡ್ಡದಿತ್ತು ಅಂತ ನಮ್ಮ ವಲಯದಲ್ಲಿ ಎಲ್ಲರಿಗೂ ಗೊತ್ತು.

ಸುಮ್ನೆ ಓದೋನು

ನಮ್ಮ ಶಾಸಕರದ್ದು ಅಫಿಡವಿಟ್ ಎಲ್ಲಿ ಸಿಗುತ್ತೆ? ನಿಜವಾಗ್ಲೂ ಕೇಳ್ತಿದ್ದೀನಿ.

ಲೆಕ್ಕದ ಪುಟ

ಚುನಾವಣಾ ಆಯೋಗದ ವೆಬ್‌ಸೈಟಲ್ಲಿ ಅಭ್ಯರ್ಥಿಗಳ ಅಫಿಡವಿಟ್ ವಿಭಾಗ. ಫಾರ್ಮ್ 26 ಅಂತ. ಕೊನೆ ಕಡೆ ಪುಟಗಳನ್ನ ನೋಡಿ, ಎಲ್ಲರೂ ಆಸ್ತಿ ಮೊತ್ತ ಮಾತ್ರ ನೋಡಿ ಬಿಡ್ತಾರೆ. 2018ರ ಲೋಕ್ ಪ್ರಹರಿ ತೀರ್ಪಿನ ನಂತರ ಅಭ್ಯರ್ಥಿ ಮತ್ತು ಸಂಗಾತಿಯ ಆದಾಯದ ಮೂಲ, ಸರ್ಕಾರದ ಜೊತೆಗಿನ ಗುತ್ತಿಗೆಗಳು, ಪಾಲುದಾರಿಕೆ ಸಂಸ್ಥೆ, ಖಾಸಗಿ ಕಂಪನಿ ಮೂಲಕ ಇರೋ ಗುತ್ತಿಗೆಗಳು, ಇವನ್ನೆಲ್ಲ ಬರೆಯಬೇಕು. ಜೊತೆಗೆ ನಮ್ಮ ಲೋಕಾಯುಕ್ತ ಕಾಯ್ದೆ ಪ್ರಕಾರ ಶಾಸಕರು ಪ್ರತಿವರ್ಷ ಜೂನ್ 30ರೊಳಗೆ ಆಸ್ತಿ ವಿವರ ಕೊಡಬೇಕು.

ಜಲ್ಲಿ ಮಿಷಿನ್

ಫಾರ್ಮ್ 26 ನಾಮಪತ್ರದ ದಿನದ ಫೋಟೋ. ಗೆದ್ದ ಮೂರನೇ ತಿಂಗಳಿಗೆ ಪ್ಲಾಂಟ್ ಹಾಕಿದ್ರೆ ಅದರಲ್ಲಿ ಎಲ್ಲಿ ಬರುತ್ತೆ? ಭಾಮೈದ ಅವಲಂಬಿತನೂ ಅಲ್ಲ, ಸಂಗಾತಿನೂ ಅಲ್ಲ.

ಘಟ್ಟದ ಕೆಳಗೆ

ಭಾಮೈದ ದುಡಿಯಬಾರದು ಅಂತ ಕಾನೂನು ಮಾಡ್ಲಿಕ್ಕೆ ಆಗ್ತದಾ? ಅಕ್ಕನ ಗಂಡ ಎಮ್ಮೆಲ್ಲೆ ಆದ ಅಂತ ಅವನ ಹತ್ತು ವರ್ಷದ ವ್ಯಾಪಾರ ಮುಚ್ಚಬೇಕಾ? ಅವನಿಗೂ ಸಂವಿಧಾನದ 19(1)(ಜಿ), ಇಷ್ಟದ ಉದ್ಯೋಗ ಮಾಡುವ ಹಕ್ಕು, ಉಂಟಲ್ಲ.

ಜಲ್ಲಿ ಮಿಷಿನ್

ದುಡೀಲಿ ಸ್ವಾಮಿ, ಯಾರು ಬೇಡ ಅಂದ್ರು. ಅಕ್ಕನ ಗಂಡನ ಕ್ಷೇತ್ರದಲ್ಲೇ, ಅಕ್ಕನ ಗಂಡ ತಂದ ಅನುದಾನದಲ್ಲೇ ದುಡೀಬೇಕಾ? ಪಕ್ಕದ ಜಿಲ್ಲೆಗೆ ಹೋಗಿ ಟೆಂಡರ್ ಹಾಕಲಿ, ನಾನು ಹಾಕಲ್ವಾ?

ಪಂಚಾಯ್ತಿ ಮೆಂಬರ್

ನಮಗೆ ಆ ಕಾನೂನು ಇದೆ. ಪಂಚಾಯತ್ ರಾಜ್ ಕಾಯ್ದೆಯಲ್ಲಿ, ಪಂಚಾಯಿತಿ ಮಾಡಿಸೋ ಕೆಲಸದಲ್ಲಿ ಸದಸ್ಯರಿಗೆ ನೇರವಾಗಲಿ ಪರೋಕ್ಷವಾಗಲಿ ಪಾಲು ಇದ್ದರೆ ಸದಸ್ಯತ್ವ ಹೋಗುತ್ತೆ. "ಪರೋಕ್ಷ" ಅಂತಲೇ ಇದೆ. ಗೆದ್ದ ಹೊಸದರಲ್ಲಿ ತರಬೇತಿಯಲ್ಲಿ ಇದನ್ನ ಎರಡೆರಡು ಸಲ ಹೇಳಿ ಹೆದರಿಸಿದ್ರು. ನಮ್ಮ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯೋ ಕೆಲಸ ಸಂಘದ ಮೂಲಕ ಬಂದಾಗ, ಪಂಚಾಯಿತಿ ದುಡ್ಡು ಸೇರಿದ್ಯಾ ಇಲ್ವಾ ಗೊತ್ತಾಗದೆ ನಾನು ಬೇಡ ಅಂದುಬಿಟ್ಟೆ. ಪಕ್ಕದ ಬೀದಿಯವಳು ಹೊಲಿದಳು.

ಕರಿಕೋಟು

ಅವರು ಹೇಳಿದ್ದು ಸರಿ. 9ಎಯಲ್ಲಿ "ಪರೋಕ್ಷ" ಇಲ್ಲ. ಸ್ಥಳೀಯ ಸಂಸ್ಥೆ ಕಾನೂನುಗಳಲ್ಲಿ ಇದೆ.

ಧಾರವಾಡದ ಪ್ಯಾಟಿ

ಅಂದ್ರ ಎರಡು ಸಾವಿರ ತಗೊಳ್ಳಾಕಿಗಿ ಬಿಗಿ ಕಾನೂನು, ಎಂಬತ್ತು ಸಾವಿರದಾವಂಗ ಸಡ್ಲ.

ನೀಲಿ ಛತ್ರಿ

ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಬಗ್ಗೆ ಯಾರೂ ಚಿಂತೆ ಮಾಡಬೇಡಿ. 2021ರಲ್ಲಿ ಅವಧಿ ಮುಗಿದ ಮೇಲೆ ಚುನಾವಣೆನೇ ನಡೆಸಿಲ್ಲ. ಸದಸ್ಯರೇ ಇಲ್ಲ ಅಂದ್ರೆ ಎರಡನೇ ಕೆಲಸದ ಸಮಸ್ಯೆನೂ ಇಲ್ಲ.

ರಾಯಚೂರ ಬಿಸಲು

ಅಲ್ರೀ @ಜಲ್ಲಿ ಮಿಷಿನ್, ಆ ಟೆಂಡರ್ ಷರತ್ತು ಬಗ್ಗೆ ತಕರಾರು ಹಾಕಬೋದಿತ್ತಲ್ಲ? ಪಾರದರ್ಶಕತೆ ಕಾಯ್ದೆ ಐತಿ, ಮೇಲ್ಮನವಿಗೆ ಅವಕಾಶ ಐತಿ.

ಜಲ್ಲಿ ಮಿಷಿನ್

ಹಾಕಬಹುದಿತ್ತು. ಅದೇ ಇಲಾಖೆಯಲ್ಲಿ ನನ್ನ ಎರಡು ಹಳೇ ಬಿಲ್ಲು ಬಾಕಿ ಇದ್ದವು.

ರಾಯಚೂರ ಬಿಸಲು

ಹಂಗಾದ್ರ ಬಿಡ್ರಿ. ಬಿಲ್ ಆದ್ವಾ?

ಜಲ್ಲಿ ಮಿಷಿನ್

ಒಂದು ಆಯ್ತು.